ಹನ್ನೊಂದೂವರೆಗೆ ನಿಲ್ಲುವ ಪಂಪು

ತೊಂಡಾಮುತ್ತೂರು
11 ಮಾರ್ಚ್ 1986

ಪ್ರೀತಿಯ ಮಯಿಲಣ್ಣನಿಗೆ,

ಹೇಗಿದ್ದೀಯ? ಕೊಳ್ಳೇಗಾಲದಲ್ಲಿ ಮಾವನ ಮನೆಯ ಊಟ ಒಗ್ಗಿತೇ? ರೇಷ್ಮೆಗೂಡು ಬೇಯಿಸುವ ಹಬೆಯಲ್ಲಿ ನಿಂತು ನಿನ್ನ ಕೆಮ್ಮು ಹೆಚ್ಚಿದೆಯೆಂದು ಮಾವ ಬರೆದಿದ್ದರು. ಮೆಣಸಿನ ಕಷಾಯ ಬಿಡಬೇಡ. ಅಮ್ಮ ಗಟ್ಟಿಯಾಗಿದ್ದಾಳೆ.

ನಮ್ಮ ಬಾವಿಗೆ ಬಿಸಿಲಿನಿಂದ ಓಡುವ ಪಂಪು ಬಂದಿದೆ. ಪರೀಕ್ಷೆಗೆಂದು ಸರ್ಕಾರದವರು ನಮ್ಮ ತೋಟ ಆರಿಸಿದರು. ಬಾವಿಯ ಪಕ್ಕ ಕರೀ ಗಾಜಿನ ಹಲಗೆಗಳನ್ನು ಸೂರ್ಯನಿಗೆ ಮುಖಮಾಡಿ ನಿಲ್ಲಿಸಿದ್ದಾರೆ. ಕರೆಂಟಿಗೆ ಕಾಯಬೇಕಿಲ್ಲ, ಡೀಸೆಲ್ ಬೇಡ. ಹೊತ್ತೇರಿದರೆ ತಾನಾಗಿ ನೀರೆತ್ತುತ್ತದೆ. ಊರೆಲ್ಲ ನೋಡಲು ಬಂದಿತ್ತು. ಆದರೆ ಎರಡನೆಯ ವಾರದಿಂದ ದಿನಾ ಹನ್ನೊಂದೂವರೆಗೆ ನಿಲ್ಲತೊಡಗಿತು. ಆಕಾಶದಲ್ಲಿ ತುಣುಕು ಮೋಡವಿಲ್ಲ. ಹತ್ತು ನಿಮಿಷ ಸುಮ್ಮನಿದ್ದು ಮತ್ತೆ ಓಡುತ್ತದೆ. ಕೊಯಮತ್ತೂರಿನಿಂದ ಬಂದ ಇಂಜಿನಿಯರ್ ಎರಡು ದಿನ ಮೀಟರ್ ಹಿಡಿದು ಕುಳಿತರು. ತಂತಿ ಸರಿ, ಮೋಟರು ಸರಿ. ಯಾರೋ ಗಾಜಿಗೆ ಅಡ್ಡ ನಿಂತ ಹಾಗೆ ಮುಳ್ಳು ಇಳಿಯುತ್ತದೆ ಎಂದು ತಮಿಳಿನಲ್ಲಿ ಹೇಳಿ, ನನ್ನ ಮುಖ ನೋಡದೆ ಸಾಮಾನು ಕಟ್ಟಿಕೊಂಡರು. ಬಾವಿಯೊಳಗಿನ ಪೈಪನ್ನೂ ಒಮ್ಮೆ ನೋಡಿಸಿ ಎಂದರು.

ಪಳನಿಗೆಂದು ಹೊರಟ ಅಪ್ಪ ಬಾರದೆ ಎರಡು ವರ್ಷವಾಯಿತಲ್ಲ, ಪಂಪು ನಿಲ್ಲುವುದನ್ನು ಅಮ್ಮ ಅದಕ್ಕೇ ಗಂಟು ಹಾಕಿದ್ದಾಳೆ. “ನಿಮ್ಮಪ್ಪ ಬಂದು ನಿಂತವ್ರೆ. ಈ ಸುಡೋ ವೆಯಿಲ್‌ನಲ್ಲಿ ನಡ್ದು ಬಂದವ್ರೆ ಪಾವಂ, ಮಜ್ಜಿಗೆ ತಾ,” ಎನ್ನುತ್ತಾಳೆ. ಹಲಗೆಯ ಮುಂದೆ ಚೊಂಬು ಇಟ್ಟು, ಪಂಪು ಮತ್ತೆ ಓಡುವವರೆಗೆ ಕಾಯುತ್ತಾಳೆ. ಅವಳನ್ನು ಎಬ್ಬಿಸಿ ಕರೆತರಲು ಮೊನ್ನೆ ಹೋದೆ. ಬರಿಗಾಲು ಸುಡುತ್ತಿತ್ತು. ಹಲಗೆಯೆದುರು ಒಬ್ಬ ಮನುಷ್ಯ ನಿಲ್ಲುವಷ್ಟು ನೆಲ ಮಾತ್ರ ತಣ್ಣಗಿತ್ತು. ನೆರಳಿರಲಿಲ್ಲ, ಅಣ್ಣ. ನಾನೂ ಅಮ್ಮನ ಪಕ್ಕ ಕುಳಿತುಬಿಟ್ಟೆ.

ಯುಗಾದಿಗೆ ನೀನು ಬರಲೇಬೇಕೆಂದು ಅಮ್ಮ ಪಕ್ಕದಲ್ಲಿ ಕುಳಿತು ಬರೆಸುತ್ತಿದ್ದಾಳೆ. ನಿನ್ನ ತಲೆಯ ಮೇಲೆ ಅವಳ ಕೈ ಸದಾ ಇದೆಯಂತೆ. ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ.

ನಿನ್ನ ತಂಗಿ,
ಪೆರಿಯನಾಯಕಿ

ವಿ.ಸೂ.: ಇದನ್ನು ಅಮ್ಮನಿಗೆ ಓದಿ ಹೇಳಿಲ್ಲ. ಕನ್ನಡದ ಅಕ್ಷರ ಅವಳಿಗೆ ಬಾರದಿರುವುದು ಒಳ್ಳೆಯದಾಯಿತು. ಪಂಪು ಎಳೆದೆಳೆದು ಬಾವಿಯ ನೀರು ನಾವೆಂದೂ ಕಾಣದಷ್ಟು ಇಳಿದಿದೆ. ನಿನ್ನೆ ಪೈಪ್ ನೋಡಲು ಇಳಿದ ಆಳು ಮಾರಿಮುತ್ತು, ಅಪ್ಪನ ಹಸಿರು ರೆಕ್ಸಿನ್ ಚೀಲ ತಂದು ನನ್ನ ಕೈಗಿಟ್ಟ. ಒಳಗೆ ಅಪ್ಪನ ಚಪ್ಪಲಿ, ಜೊತೆಗೊಂದು ಕಲ್ಲು. ಆ ಚೀಲದ ಸಮೇತ ಅಪ್ಪನನ್ನು ಪಳನಿ ಬಸ್ಸು ಹತ್ತಿಸಿದೆನೆಂದು ನೀನೇ ಹೇಳಿದ್ದೆ. ಹೂಳೆತ್ತುವವರು ಸೋಮವಾರ ಬರುತ್ತಾರೆ. ಯುಗಾದಿಯವರೆಗೆ ಕಾಯಬೇಡ. ಅವರಿಗಿಂತ ಮೊದಲು ಬಂದು ಅಮ್ಮನಿಗೆ ನೀನೇ ಹೇಳು.