ಚಿಂಚೋಳಿ ಕಾಡಿನ್ಯಾಗ ಅಪ್ಪ ಮತ್ತ ಭಾವ

ಸೇಡಂ
೯-೩-೨೦೨೫

ನನ್ನ ರಂಜನಕ್ಕಾ,

ಹೆಂಗಿದ್ದಿ? ಸುದ್ದಿನ ಇಲ್ಲಂತ ಸಿಟ್ಟಾಗಬ್ಯಾಡ. ನಿಮ್ಮ ಕಾಡಿನ ಕ್ವಾರ್ಟರ್ಸಿಗೆ ಟವರ್ ಬರಂಗಿಲ್ಲ, ವಾಟ್ಸಾಪಿನ ಎರಡನೇ ಟಿಕ್ ದಾರಿ ಕಾದು ಸಾಕಾಗಿ ಕಾಗದ ಹಿಡದೀನಿ. ಇವತ್ತ ಸಂಜಿ ಸುಲೇಪೇಟ ಬಸ್ಸಿನ ಕಂಡಕ್ಟರ್ ಕೈಯಾಗ ಕೊಡ್ತೀನಿ, ಜತಿಗೆ ಶೇಂಗಾ ಚಟ್ನಿ. ಅವ್ವ ಯಾರಿಗಂತ ಕೇಳಲಿಲ್ಲ, ಎರಡು ಪಾಲು ಕಟ್ಟಿದ್ಲು.

ಹೋದ ಐತವಾರದ್ದು ಭಾವ ಹೇಳಿರಬೇಕು. ಆದ್ರ ಪುರಾ ಹೇಳಿರಂಗಿಲ್ಲ, ನಾ ಹೇಳ್ತೀನಿ. ಅಪ್ಪನ ಸಾಲಿ ಹುಡುಗರ ಜತಿ ನಾನೂ ನಿಮ್ಮ ಅಭಯಾರಣ್ಯಕ್ಕ ಬಂದಿದ್ದೆ, ಹಕ್ಕಿ ಗ್ರೂಪಿನ ಅಡ್ಮಿನ್ ಅಲ್ಲೇನ ನಾನು. ಗೇಟಿನ್ಯಾಗ ಕಾಡು ತೋರಸ್ಲಿಕ್ಕೆ ನಿಂತ ಗಾರ್ಡ್ ಯಾರಂತ ನೋಡಿದ್ರ, ಚೌಡೇಶ ಭಾವ. ನಿಮ್ಮ ಲಗ್ನಾಗಿ ಎರಡು ವರ್ಷಾತು, ಬ್ಯಾರೆ ಜಾತಿ ಅಂತ ಅಪ್ಪ ಅವ್ರನ್ನ ಎದುರಿಗೆ ನೋಡೇ ಇಲ್ಲ. ಖರೇ ಗೊತ್ತಾದ್ರ ಅಲ್ಲಿಂದಾನ ಬಸ್ ತಿರುಗಸ್ತಾರಂತ ನಾ ಕಣ್ಣಿಲೇ 'ಸುಮ್ನಿರ್ರಿ' ಅಂದೆ. ಭಾವ ಎದಿಮ್ಯಾಲಿನ ಹೆಸರಿನ ಪಟ್ಟಿ ದುರ್ಬೀನಿಲೆ ಮುಚ್ಕೊಂಡ್ರು.

ಆಮ್ಯಾಲ ಅವ್ರ ತಲಿ ಪುರಾ ಖಾಲಿ. ಮುತ್ತಲ ಗಿಡ ಮೈತುಂಬ ಕೆಂಪು ಹೂ ಬಿಟ್ಟು ನಿಂತದ, ಅದನ್ನ ತೋರ್ಸಿ "ಇದು ಸಾಗವಾನಿರಿ" ಅಂದ್ರು.

"ಏನಪಾ," ಅಂದ್ರು ಅಪ್ಪ, "ಐವತ್ತು ವರ್ಷ ಇದರ ಎಲಿ ಹಚ್ಚಿದ ಪತ್ರಾವಳಿಮ್ಯಾಲ ಊಟ ಮಾಡೀನಿ. ನನಗೇ ಸಾಗವಾನಿ ಅಂತೀಯಲ್ಲ."

ಹುಡುಗರು ಬಿದ್ದು ಬಿದ್ದು ನಕ್ವು. ಆದ್ರ ಮುಂದ ಏನೇನ್ ನೋಡಿದ್ವಿ ಅಕ್ಕಾ, ಗ್ರೂಪಿನ್ಯಾಗ ಯಾರೂ ನಂಬಲಿಲ್ಲ. ಹಸೀ ಮಣ್ಣಾಗ ಕತ್ತಿಕಿರಬನ ಹೆಜ್ಜಿ. ರಕ್ತಚಂದನದ ಟೊಂಗಿಮ್ಯಾಲ ಕರಿ ತಲಿ ಹಳದಿ ಹಕ್ಕಿ. ಹಳ್ಳದ ನೀರಿನ್ಯಾಗ, ಸೀರಿಯಸ್ ಆಗಿ ಹೇಳ್ಲಿಕತ್ತೀನಿ, ಕೊಂಡಗುರಿ, ಅದ ಆ ನಾಕು ಕೋಡಿನ ಜಿಂಕಿ. ನಾಕೂ ಕೋಡು ಬರೋಬರ್ ಕಂಡ್ವು. ನನ್ನ ಫೋಟೋ ಅಲ್ಲಾಡಿ ಬರೇ ಹುಲ್ಲು ಬಂದದ, ನಗಬ್ಯಾಡ. ಅಪ್ಪ ಮಡಿಗಿಡಿ ಮರ್ತು ಭಾವನ ಮುಂಗೈ ಗಟ್ಟಿ ಹಿಡದಿದ್ರು. ಅದು ನೀರು ಕುಡದು ಹೋಗೋತನಕ ಬಿಡಲೇ ಇಲ್ಲ.

ಬಸ್ ಹತ್ತೋ ಮುಂದ ಅಪ್ಪ ಕೇಳಿದ್ರು: "ಮನ್ಯಾಗ ಹೆಂಡ್ತಿ ಆರಾಮ ಇದ್ದಾಳೇನಪಾ?"

ಭಾವ ನನ್ನ ಮುಖ ನೋಡಿದ್ರು. "ನಂದಿನ್ನಾ ಲಗ್ನ ಆಗಿಲ್ರಿ ಸರ."

ಬಚಾವಾದ್ವಿ ಅಂತ ಬಸ್ಸಿನ್ಯಾಗ ಮುಖ ಮುಚ್ಕೊಂಡು ನಕ್ಕೆ. ಅಪ್ಪ ಒಮ್ಮೆ ಭಾವನ ಕೈ ಹಿಡದಾರಂದ್ರ ಮುಂದಿಂದೂ ಆಗ್ತದ, ನೋಡ್ತಿರು. ರಾಯರು ನಿಮ್ಮಿಬ್ಬರನ್ನೂ ನಗನಗತಾ ಇಡ್ಲಿ.

ನಿನ್ನ
ಪ್ರಮಿತಾ

ಮತ್ತ: ಕಾಗದ ಮಡಚಿಟ್ಟಿದ್ದೆ, ಬಿಚ್ಚಿ ಬರೀಲಿಕತ್ತೀನಿ. ಈಗ ಅಪ್ಪ ಕರದ್ರು. ಅವ್ರ ಫೋನಿನ್ಯಾಗ ನಿಮ್ಮ ಲಗ್ನದ ಫೋಟೋ ಅದ, ಯಾವಾಗಿಂದ ಇಟ್ಕೊಂಡಾರೋ. ಭಾವನ್ನ ಗೇಟಿನ್ಯಾಗೇ ಗುರ್ತು ಹಿಡದಿದ್ರಂತ. "ಲಗ್ನ ಆಗಿಲ್ಲ ಅಂದ್ನಲ್ಲ. ಹಂಗಾರ ನಮ್ಮ ರಂಜನಾನ್ನ ಎಲ್ಲಿ ಬಿಟ್ಟ?" ಅಂದ್ರು. ಒಂದು ವಾರ ಇದನ್ನ ಹೊಟ್ಟ್ಯಾಗ ಇಟ್ಕೊಂಡು ಸಾಲಿಗೆ ಹೋಗಿ ಬಂದಾರ. ಕಣ್ಸನ್ನಿ ಮಾಡಿದಾಕಿ ನಾನ, ಅಕ್ಕ ಆರಾಮ ಇದ್ದಾಳಂತ ಎಲ್ಲಾ ಹೇಳಿ ಆಣಿ ಮಾಡಿದೆ. "ಆಂವಂದೂ ಸುಳ್ಳು, ನಿಂದೂ ಸುಳ್ಳು. ಆಕಿನ್ನ ನಾನೇ ಕಣ್ಣಾರೆ ನೋಡಬೇಕು" ಅಂದ್ರು. ಸಾಲಿಗೆ ರಜಾ ಹಾಕಿ ನಾಳಿ ಮುಂಜಾನಿ ಬಸ್ಸಿಗೆ ಬರ್ಲಿಕತ್ತಾರ. ಬಾಗಲಾ ತಗೀಲಿಕ್ಕೆ ಭಾವನ್ನ ಕಳಸಬ್ಯಾಡಕ್ಕಾ. ನೀನೇ ಹೋಗು.