ಸೊನ್ನೆಗೆ ಬಿದ್ದ ಮುಳ್ಳು

ಸ್ಕಿಪ್ಟನ್
ಬುಧವಾರ, 12 ಮೇ 1993

ಪ್ರೀತಿಯ ವಿಲ್ಫ್,

ಹೇಗಿದ್ದೀಯ? ಎದೆನೋವು ಮತ್ತೆ ಬಂದಿಲ್ಲ ತಾನೆ? ಆ ಆರೈಕೆಮನೆಯಲ್ಲಿ ಉಪ್ಪಿಲ್ಲದ ಸೂಪು ಕೊಡುತ್ತಾರೆಂದು ನೀನು ಬರೆದಿದ್ದೀಯ. ಮುಖ ಸಿಂಡರಿಸದೆ ಕುಡಿ. ಮೋರ್ಕಂಬ್‌ನ ಕಡಲ ಗಾಳಿಗೆ ಹೋಗುವಾಗ ಮಫ್ಲರ್ ಸುತ್ತಿಕೋ. ನಾನು ಚೆನ್ನಾಗಿದ್ದೇನೆ. ಸಿಟ್ಟು ಬಂದಿದೆ, ಅಷ್ಟೆ. ನಿನ್ನ ಮೇಲೂ ಬಂದಿದೆ.

ನಮ್ಮ ಹಸಿರು ಸ್ಪೋರ್ಟ್ಸ್ ಕಾರನ್ನು ನಿನ್ನ ತಮ್ಮ ಕ್ಲಿಫರ್ಡ್‌ಗೆ ಮಾರುತ್ತೇನೆಂದು ಆಸ್ಪತ್ರೆಯ ಹಾಸಿಗೆಯಲ್ಲೇ ಸಹಿ ಹಾಕಿಕೊಟ್ಟೆಯಲ್ಲ, ನನ್ನನ್ನು ಒಂದು ಮಾತು ಕೇಳಿದೆಯಾ? ಇಪ್ಪತ್ತಾರು ವರ್ಷ ಅದರ ಎರಡು ಸೀಟಿನಲ್ಲಿ ಒಂದು ನನ್ನದಾಗಿತ್ತು. ಭಾನುವಾರ ಅವನು ಬಂದ. ಬಾನೆಟ್ ಕೂಡ ಎತ್ತಲಿಲ್ಲ. ಆಯಿಲ್ ಪ್ರೆಷರ್ ಮುಳ್ಳು ಕುಣಿಯುವುದನ್ನಷ್ಟೇ ನೋಡಿ, “ಬೇರಿಂಗ್ ಸವ್ದೋಗಿದೆ ಎನಿಡ್, ಇಂಜಿನ್ ಕಥೆ ಮುಗೀತು. ಶನಿವಾರ ಎಳ್ಕೊಂಡು ಹೋಗ್ತೀನಿ. ನೀನ್ಯಾಕೆ ತಲೆ ಕೆಡಿಸ್ಕೋತೀಯ, ಹೋಗಿ ಟೀ ಇಡು” ಅಂದ. ಟೀ ಇಟ್ಟೆ. ಬಿಸ್ಕತ್ತು ಕೊಡಲಿಲ್ಲ. ನೀನು ಸಹಿ ಹಾಕಿದ ಕಾಗದವನ್ನು ಅವನು ಅಡುಗೆಮನೆಯ ಮೇಜಿನ ಮೇಲೆ ಮರೆತು ಹೋದ.

ನಿನ್ನ ಪತ್ರ ಮರುದಿನ ಬಂತು. “ಕಾರಿನ ಕಥೆಯೂ ನನ್ನ ಕಥೆಯೂ ಒಟ್ಟಿಗೆ ಮುಗಿಯಿತು” ಎಂದು ಬರೆದಿದ್ದೀಯ. ಓದಿ ಅತ್ತುಬಿಟ್ಟೆ, ವಿಲ್ಫ್. ಆಮೇಲೆ ಮೂಗೊರೆಸಿಕೊಂಡು, ನಿನ್ನ ಓವರಾಲ್ ತೊಟ್ಟು ಗ್ಯಾರೇಜಿಗೆ ಹೋದೆ. ಆಯಿಲ್ ಮಟ್ಟ ನೋಡಿದೆ, ಸರಿಯಾಗಿತ್ತು. ಇಂಜಿನ್ ಶುರುಮಾಡಿ ಕಿವಿಗೊಟ್ಟೆ, ಯಾವ ಬಡಿತವೂ ಇಲ್ಲ. ಸಿಟ್ಟಿನಲ್ಲಿ ಬಾಗಿಲ ಬಳಿ ನಿಂತೇ ಬಾನೆಟ್ಟನ್ನು ಧಡ್ ಎಂದು ಹಾಕಿದೆ ನೋಡು, ಐವತ್ತರಲ್ಲಿದ್ದ ಮುಳ್ಳು ಸೊನ್ನೆಗೆ ಬಿದ್ದು, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಐವತ್ತಕ್ಕೇರಿತು! ಸವೆದ ಬೇರಿಂಗ್ ಬಾನೆಟ್ ಸದ್ದಿಗೆ ಬೆಚ್ಚುತ್ತದೆಯೇ?

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಪಕ್ಕದ ಮನೆಯ ನಾರಿಸ್‌ನನ್ನು ಕರೆದೆ. ಅವನು ತನ್ನ ಹಳೆಯ ಗೇಜ್ ತಂದ. ಅದಕ್ಕೆ ವೈರ್ ಇಲ್ಲ, ಆಯಿಲ್ಲೇ ಕೊಳವೆಯಲ್ಲಿ ಬಂದು ಮುಳ್ಳನ್ನು ನೂಕುತ್ತದೆ. “ಕರೆಂಟಿನ ಮಾತು ಬಿಡು, ಆಯಿಲ್ಲನ್ನೇ ಕೇಳೋಣ” ಅಂದ. ಇಂಜಿನ್ನಿನಲ್ಲಿ ಆಯಿಲ್ ಒತ್ತಡ ಅಳೆಯುವ ನಮ್ಮ ಸೆನ್ಸರ್ ಬಿಚ್ಚಿ, ಅದೇ ತೂತಿಗೆ ಅವನ ಗೇಜ್ ಕೂರಿಸಿದೆವು. ಇಂಜಿನ್ ಚೆನ್ನಾಗಿ ಕಾದ ಮೇಲೂ ಐವತ್ತು, ಒಂದಿಷ್ಟೂ ಅಲುಗಲಿಲ್ಲ. ಬಿಚ್ಚಿದ ಸೆನ್ಸರ್ ನೋಡಿದರೆ, ಅದರ ತಿರುಪಿಗೆ ನಲ್ಲಿಗೆ ಸುತ್ತುವ ಬಿಳಿ ಟೇಪು ದಪ್ಪಗೆ ಸುತ್ತಿತ್ತು. ಆಯಿಲ್ ಜಿನುಗುತ್ತದೆಂದು ಅಕ್ಟೋಬರ್‌ನಲ್ಲಿ ಸುತ್ತಿದ ಮಹಾನುಭಾವ ನೀನೇ! ಸೆನ್ಸರ್ ಇಂಜಿನ್ನಿನ ಲೋಹಕ್ಕೆ ತಾಗಿದರೆ ತಾನೆ ಅರ್ತಿಂಗ್ ಸಿಕ್ಕಿ, ಮುಳ್ಳು ಕುಣಿಯದೆ ನಿಲ್ಲುವುದು? ಟೇಪು ಕಿತ್ತು, ಉಜ್ಜಿ, ಹೊಸ ತಾಮ್ರದ ವಾಷರ್ ಹಾಕಿ ಬಿಗಿದೆ. ಈಗ ಬಾನೆಟ್ ಎಷ್ಟು ಬಡಿದರೂ ಮುಳ್ಳು ಜಗ್ಗುವುದಿಲ್ಲ.

ಕ್ಲಿಫರ್ಡ್‌ಗೆ ಫೋನ್ ಮಾಡಿ ಬರಬೇಡ ಅಂದೆ. “ಅಣ್ಣ ಸಹಿ ಹಾಕಿದಾನೆ, ಕಾಗದ ನಿನ್ ಮೇಜಿನ ಮೇಲೇ ಇದೆ” ಅಂದ. “ಹುಡುಕಿ ನೋಡ್ತೀನಿ” ಅಂತ ಫೋನ್ ಇಟ್ಟೆ.

ನಾರಿಸ್ ನಿನ್ನ ಆರೋಗ್ಯ ವಿಚಾರಿಸಿದ. ದಾದಿಯರನ್ನು ಗೋಳು ಹುಯ್ದುಕೊಳ್ಳಬೇಡ, ಬೇಗ ಗೆಲುವಾಗು.

ನಿನ್ನವಳೇ,
ಎನಿಡ್

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಕ್ಲಿಫರ್ಡ್ ಕೇಳಿದ ಆ ಕಾಗದ ಸಿಗುವುದಿಲ್ಲ. ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು ಅದರಲ್ಲೇ ಒರೆಸಿದೆ, ನಿನ್ನ ಸಹಿ ಇದ್ದ ಕಡೆಯೇ. ಬಟ್ಟೆ ಇತ್ತು, ಬೇಕೆಂದೇ ಒರೆಸಿದೆ. ಮಾರಲೇಬೇಕೆಂದಿದ್ದರೆ ಮನೆಗೆ ಬಾ, ಇಂಜಿನ್ ಶುರುಮಾಡು, ನನ್ನ ಪಕ್ಕ ಕೂತು ಇನ್ನೊಂದು ಕಾಗದಕ್ಕೆ ಸಹಿ ಹಾಕು. ಪೆನ್ನು ನಾನೇ ಕೊಡುತ್ತೇನೆ.