ನೂರು ಗಜದಾಚೆ ಸರಿದ ಗುಟ್ಕಾ ಅಂಗಡಿ

ಮಾನ್ಯ ತಂಬಾಕು ತಡೆ ಅಧಿಕಾರಿಗಳೇ,

ಹೈಸ್ಕೂಲಿನ ಗೇಟಿನ ಮುಂದಿದ್ದ ಗುಟ್ಕಾ ಗೂಡಂಗಡಿಯನ್ನು ಎಬ್ಬಿಸಿದಿರಿ, ಸಂತೋಷ. ಎಬ್ಬಿಸಿ ತಂದು ನನ್ನ ಮಿರ್ಚಿ ಅಂಗಡಿಯ ಮಗ್ಗುಲಿಗೇ ಕೂರಿಸಿದಿರಿ, ಅದಕ್ಕೇ ಈ ಪತ್ರ.

ಆ ದಿನದ ಸಂಭ್ರಮ ನೆನೆದರೆ ಈಗಲೂ ನಗು ತಡೆಯಲಾಗದು. ಟೇಪಿನ ಒಂದು ತುದಿ ನಿಮ್ಮ ಜವಾನನ ಕೈಯಲ್ಲಿ, ಇನ್ನೊಂದು ನಿಮ್ಮ ಕೈಯಲ್ಲಿ. ನಡುವೆ ಕುರಿಹಿಂಡು ನುಗ್ಗಿ ಟೇಪನ್ನೇ ಎಳೆದುಕೊಂಡು ಹೊರಟಿತು. ಕುರಿ ಕಾಯುವ ಜಂಬಯ್ಯ, "ನಮ್ಮ ಕುರಿ ಗುಟ್ಕಾ ತಿನ್ನಂಗಿಲ್ರಿ ಸಾಹೇಬ್ರ, ಬಿಟ್ಬಿಡ್ರಿ" ಎಂದು ಕೈಮುಗಿದ. ಮತ್ತೆ ಮೊದಲಿನಿಂದ ಅಳೆದಿರಿ. ನೂರು ಗಜ ಮುಗಿದಲ್ಲಿ ಸುಣ್ಣದ ಗೆರೆ ಎಳೆಸಿ, ಅಂಗಡಿಯ ಗುರುಸಂಗಪ್ಪನಿಗೆ ಇದರಾಚೆ ಹೋಗು ಎಂದಿರಿ.

"ಆಚಿ ಅಂದ್ರ ಎಷ್ಟು ಆಚಿರಿ?" ಎಂದ.

"ಗೆರೆ ದಾಟಿದರೆ ಸಾಕು" ಎಂದಿರಿ.

ಅವನ ಗೂಡಂಗಡಿಗೆ ಗಾಲಿಗಳಿವೆ. ತಳ್ಳಿದ, ದಾಟಿದ. ನೀವು ನನ್ನಲ್ಲಿ ಮಂಡಕ್ಕಿ ಮಿರ್ಚಿ ತಿಂದು, ಖಾರವನ್ನು ಹೊಗಳಿ ಜೀಪು ಹತ್ತಿದಿರಿ.

ಹದಿನೆಂಟು ತುಂಬದವರಿಗೆ ಗೆರೆಯ ಈಚೆಯೂ ಮಾರಬಾರದು, ಆಚೆಯೂ ಮಾರಬಾರದು ಎಂಬ ಕಾನೂನು ನಿಮ್ಮ ಟೇಪಿನಲ್ಲಿ ಅಚ್ಚಾಗಿರಲಿಲ್ಲವೇ? ಮೊದಲಾದರೆ ಹುಡುಗರಿಗೆ ಹೆಡ್‌ಮಾಸ್ಟರರ ಹೆದರಿಕೆಯಾದರೂ ಇತ್ತು. ಈಗ "ಮಿರ್ಚಿ ತಿನ್ನಾಕ ಹೊಂಟೀವ್ರಿ ಸಾರ್" ಎಂದು ರಾಜಾರೋಷವಾಗಿ ಬರುತ್ತಾರೆ. ನನಗೋ ವ್ಯಾಪಾರ ಕುದುರಿತೆಂಬ ಹಿಗ್ಗು. ಬಾಣಲೆಯನ್ನೂ ದೊಡ್ಡದು ಮಾಡಿದೆ.

ಆ ಹುಡುಗರಲ್ಲಿ ನನ್ನ ಮಗ ಮೌನೇಶನೂ ಒಬ್ಬ, ಹತ್ತನೆಯ ತರಗತಿ. ಇಡೀ ಮಿರ್ಚಿಯನ್ನು ಒಂದೇ ತುತ್ತಿಗೆ ಬಾಯಿಗಿಟ್ಟು ಗೆಳೆಯರನ್ನು ನಗಿಸುತ್ತಿದ್ದವನು ಒಂದು ಸಂಜೆ ಚೂರು ಚೂರು ಮಾಡಿ ತಿನ್ನುತ್ತಿದ್ದ.

"ಯಾಕಲೇ, ಹೊಸ ಅಳಿಯನಂಗ ನಾಚ್ಕೊಂಡು ತಿಂತಿ?" ಎಂದೆ.

"ಬಾಯಿ ತೆರಿಯಾಕ ಬರವಲ್ದು ಬೇ" ಎಂದ.

ನಾನು ನಕ್ಕೆ, ಅವನು ನಗಲಿಲ್ಲ. ಮರುದಿನ ಆಸ್ಪತ್ರೆಗೆ ಕರೆದೊಯ್ದೆ. ಹಲ್ಲಿನ ಡಾಕ್ಟರಮ್ಮ ಮೂರು ಬೆರಳು ಜೋಡಿಸಿ ಬಾಯಲ್ಲಿಡು ಎಂದರು. ಎರಡೂ ಹೋಗಲಿಲ್ಲ. ಗುಟ್ಕಾದಿಂದ ಕೆನ್ನೆಯ ಒಳಗೆಲ್ಲ ಬಿಗಿದುಕೊಂಡಿದೆ, ಇವತ್ತೇ ಬಿಟ್ಟರೆ ಇಷ್ಟಕ್ಕೇ ನಿಲ್ಲಬಹುದು, ಬಿಡದಿದ್ದರೆ ಮುಂದೆ ಕ್ಯಾನ್ಸರಿನ ಭಯವಿದೆ ಎಂದರು. ಬಿಟ್ಟೆನೆಂದು ಮಗ ಆಣೆ ಮಾಡಿದ್ದಾನೆ. ಆದರೆ ನನಗೆ ಈರುಳ್ಳಿ ಹೆಚ್ಚಿಕೊಡಲು ಕೂತರೆ ಅವನ ಕಣ್ಣೆದುರಿಗೇ ಆ ಪಾಕೀಟುಗಳು ತೋರಣ ಕಟ್ಟಿದ ಹಾಗೆ ತೂಗುತ್ತವೆ.

ಆದ್ದರಿಂದ ಟೇಪನ್ನು ಆಫೀಸಿನಲ್ಲೇ ಬಿಟ್ಟು ಬನ್ನಿ. ಶಾಲೆ ಬಿಡುವ ಹೊತ್ತಿಗೆ ಗೂಡಂಗಡಿಯ ಮುಂದೆ ನಿಂತು, ಮಕ್ಕಳಿಗೆ ಮಾರುವುದನ್ನು ನಿಲ್ಲಿಸಿ. ಬರುವಾಗ ಹಲ್ಲಿನ ಡಾಕ್ಟರನ್ನೂ ಕರೆತನ್ನಿ. ಹೈಸ್ಕೂಲಿನ ಪ್ರತಿ ಮಗುವೂ ಒಮ್ಮೆ 'ಆ' ಎನ್ನಲಿ, ನೀವು ಎದುರು ನಿಂತು ಒಂದೊಂದೇ ಬಾಯಿ ನೋಡಿ. ನನ್ನ ಮಗನ ಬೆಂಚಿನಿಂದ ಶುರು ಮಾಡಿ.

ಇಂತಿ,
ಕಣ್ಣೆದುರಿನದೇ ಕಾಣದೆ ಹೋದ
ಪುಷ್ಪಲತಾ
ಮಂಡಕ್ಕಿ ಮಿರ್ಚಿ ಅಂಗಡಿ, ಕೊಟ್ಟೂರು